ಹವಳ ಜಾಗ ಬದಲಿಸುತ್ತಿದೆ ನಿಜ, ಆದರೆ ಯಾವ ಹವಳ?

ನೀವು ಕೇಳಿರುವುದು ಮೂರು ಪ್ರಶ್ನೆ. ಕಡಲು ಬಿಸಿಯಾದಂತೆ ಹವಳಗಳು ತಂಪು ನೀರಿನತ್ತ ಹರಡುತ್ತಿವೆಯಂತೆ, ಹಾಗಾದರೆ ಅಳಿವಿನ ಗಾಬರಿ ಏಕೆ? ಹೊಸ ನೀರಿಗೆ ಹೊಂದಿಕೊಳ್ಳಲು ಅವುಗಳ ಜೀನ್‌ಗಳು ಬದಲಾಗುತ್ತವೆಯೇ? ನಮ್ಮ ಲಕ್ಷದ್ವೀಪದ ಹವಳಗಳೂ ಹೀಗೆ ಬೇರೆಡೆ ಹೋಗಿ ಬದುಕಿಕೊಳ್ಳಬಹುದೇ? ಕಡಲಜೀವಿಗಳ ಡಿಎನ್‌ಎ ಓದುವುದು ನನ್ನ ಹೊಟ್ಟೆಪಾಡು. ಹಾಗಾಗಿ ನಡುವಿನ ಪ್ರಶ್ನೆಯ ಮೇಲೆಯೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಉಳಿದೆರಡರ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ.

ಹರಡುತ್ತಿರುವುದು ನಿಜ. ಇದಕ್ಕೆ ಒಳ್ಳೆಯ ದಾಖಲೆ ಇರುವುದು ಜಪಾನಿನಲ್ಲಿ. ಆ ದೇಶ ದಕ್ಷಿಣದ ಓಕಿನಾವಾದ ಬೆಚ್ಚನೆಯ ಹವಳದಿಬ್ಬಗಳಿಂದ ಚಳಿಗಾಲದಲ್ಲಿ ಹಿಮಗಡ್ಡೆ ತೇಲಿಬರುವ ಕಡಲಿನವರೆಗೆ ಉದ್ದಕ್ಕೆ ಚಾಚಿಕೊಂಡಿದೆ. ಕುರೊಶಿಯೊ ಎಂಬ ಬಿಸಿನೀರಿನ ಪ್ರವಾಹ ಅದರ ಮಗ್ಗುಲಲ್ಲೇ ಉತ್ತರಕ್ಕೆ ಹರಿಯುತ್ತದೆ. ಅಲ್ಲಿನ ವಿಜ್ಞಾನಿ ಹಿರೊಯಾ ಯಮಾನೊ ಮತ್ತು ಸಂಗಡಿಗರು 80 ವರ್ಷಗಳ ದಾಖಲೆಗಳನ್ನು ಜಾಲಾಡಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1930ರ ದಶಕದಿಂದೀಚೆಗೆ ನಾಲ್ಕು ಬಗೆಯ ಹವಳಗಳು ಉತ್ತರಕ್ಕೆ ಸರಿದಿದ್ದವು. ಅವುಗಳ ವೇಗ ವರ್ಷಕ್ಕೆ 14 ಕಿಲೋಮೀಟರ್‌ವರೆಗೂ ಮುಟ್ಟಿತ್ತು. ಕಲ್ಲಿಗೆ ಅಂಟಿ ಕೂತ ಪ್ರಾಣಿಗೆ ಇದು ಬೆರಗಿನ ವೇಗ.

ಅಂಟಿ ಕೂತ ಪ್ರಾಣಿ ಎಂಬುದನ್ನು ಮರೆಯಬಾರದು. ಬರ ಬಂದಾಗ ಊರವರು ಗುಳೆ ಹೊರಟಂತೆ ಹವಳ ಗಂಟುಮೂಟೆ ಕಟ್ಟಿ ಹೊರಡುವುದಿಲ್ಲ. ಹಿರಿಯ ಹವಳ ಇದ್ದಲ್ಲೇ ಇದ್ದು, ಬೆಂದರೆ ಅಲ್ಲೇ ಸಾಯುತ್ತದೆ. ಹೊರಡುವುದು ಮಕ್ಕಳು ಮಾತ್ರ. ವರ್ಷದಲ್ಲಿ ಕೆಲವೇ ರಾತ್ರಿ, ಬೆಚ್ಚನೆಯ ತಿಂಗಳುಗಳಲ್ಲಿ, ಅಕ್ರೊಪೊರಾ ಕುಲದ ಹವಳಗಳು ಮೊಟ್ಟೆ ಮತ್ತು ವೀರ್ಯ ಸೇರಿದ ನಸುಗೆಂಪು ಉಂಡೆಗಳನ್ನು ನೀರಿಗೆ ಬಿಡುತ್ತವೆ. ಅವು ಮೇಲೆ ತೇಲಿ, ಒಡೆದು, ಬೇರೆ ಹವಳದವುಗಳೊಡನೆ ಬೆರೆತು ಲಾರ್ವಾಗಳಾಗುತ್ತವೆ. ಬಹುಪಾಲು ಲಾರ್ವಾಗಳು ಒಂದೆರಡು ವಾರದೊಳಗೆ ಕಲ್ಲು ಹಿಡಿಯುತ್ತವೆ ಅಥವಾ ಮೀನಿನ ಹೊಟ್ಟೆ ಸೇರುತ್ತವೆ. ನೂರಾರು ಕಿಲೋಮೀಟರ್ ದೂರದ ತಂಪು ಕೊಲ್ಲಿಯೊಂದನ್ನು ಮುಟ್ಟುವುದು ಬೆರಳೆಣಿಕೆಯಷ್ಟು. ಹೊಸ ನೀರಿನ ಜೀನ್ ಕಥೆ ಶುರುವಾಗುವುದು ಈ ಬೆರಳೆಣಿಕೆಯಿಂದ.

ಅಷ್ಟು ದೂರ ಬಂದವರು ಯಾರು ಎಂದು ತಿಳಿಯಲು ಹವಳದ ಟೊಂಗೆಯ ತುದಿಯಿಂದ ಉಗುರಿನಷ್ಟು ಚೂರು ತೆಗೆದು ಆಲ್ಕೋಹಾಲಿನ ಕೊಳವೆಗೆ ಹಾಕುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ತಿಳಿಯಾದ ಆಲ್ಕೋಹಾಲು ಕಂದುಹಸಿರಿಗೆ ತಿರುಗುತ್ತದೆ. ಆ ಬಣ್ಣ ಹವಳದ್ದಲ್ಲ, ಅದರ ಜೀವಕೋಶಗಳೊಳಗೆ ಬಾಡಿಗೆಗಿದ್ದು, ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುವ ಪಾಚಿಯದು. ಅಂದರೆ ಒಂದು ಕೊಳವೆಯಲ್ಲಿ ಕನಿಷ್ಠ ಇಬ್ಬರ ಡಿಎನ್‌ಎ ಇದೆ, ಬ್ಯಾಕ್ಟೀರಿಯಾಗಳದ್ದು ಬೇರೆ. ಬೇರ್ಪಡಿಸಿ ಓದುವಷ್ಟರಲ್ಲಿ ತಾಳ್ಮೆ ಹೋಗುತ್ತದೆ. ಆದರೆ ಓದಿದಾಗ ಸಿಗುವುದು ಕಣ್ಣಿಗೆ ಕಂಡದ್ದಕ್ಕಿಂತ ಬೇರೆಯೇ.

ಅಕ್ರೊಪೊರಾ ಹಯಸಿಂಥಸ್ ಎಂಬ ಮೇಜು ಹವಳವನ್ನೇ ನೋಡಿ. ಜಪಾನಿನ ದಕ್ಷಿಣದಲ್ಲೂ ಉತ್ತರದ ಅಂಚಿನಲ್ಲೂ ಅದು ಒಂದೇ ಜಾತಿಯಂತೆ ಕಾಣುತ್ತದೆ. ಡಿಎನ್‌ಎ ಓದಿದವರಿಗೆ ಆ ಒಂದೇ ಹೆಸರಿನಡಿ ಹಲವು ವಂಶಗಳು ಸಿಕ್ಕವು. ಅಂಚಿನ ಸಮುದಾಯಗಳು ದಕ್ಷಿಣದವುಗಳಿಂದ ತಕ್ಕಮಟ್ಟಿಗೆ ಬೇರೆಯಾಗಿದ್ದವು, ಅವುಗಳ ಅನುವಂಶಿಕ ವೈವಿಧ್ಯವೂ ಕಡಿಮೆ ಇತ್ತು. ಹಾಗಾಗಿ ‘ಮೇಜು ಹವಳ ಉತ್ತರಕ್ಕೆ ಹೋಗಿ ಪಾರಾಯಿತು’ ಎಂಬ ಮಾತು ನನಗೆ ಅವಸರದ್ದಾಗಿ ಕೇಳುತ್ತದೆ. ಪಾರಾದದ್ದು ಅದರ ಒಂದೆರಡು ವಂಶಗಳಿರಬಹುದು. ಉಳಿದವು ಓಕಿನಾವಾದ ಬಿಸಿನೀರಿನಲ್ಲೇ ಇವೆ.

ವೈವಿಧ್ಯ ಕಡಿಮೆಯಾದರೆ ಏನಾಯಿತು ಎನ್ನಬಹುದು. ಹವಳದಲ್ಲಿ ಇದರ ಪೆಟ್ಟು ನೇರವಾಗಿ ಬೀಳುತ್ತದೆ. ಬಿರುಗಾಳಿಗೆ ಮುರಿದ ಟೊಂಗೆ ಬಿದ್ದಲ್ಲೇ ಬೆಳೆದು ಹೊಸ ಹವಳವಾಗುತ್ತದೆ, ಅದು ಮೂಲದ ತದ್ರೂಪಿ. ನೋಡಿದವರಿಗೆ ಕೊಲ್ಲಿ ತುಂಬ ಹವಳ. ಡಿಎನ್‌ಎ ಪ್ರಕಾರ ಅಲ್ಲಿರುವುದು ಕೆಲವೇ ಜೀವಿಗಳು. ಅಕ್ರೊಪೊರಾದ ಮೊಟ್ಟೆ ತನ್ನದೇ ವೀರ್ಯದಿಂದ ಫಲಿಸುವುದು ತೀರಾ ಅಪರೂಪ, ತದ್ರೂಪಿಯ ವೀರ್ಯವೂ ತನ್ನದೇ ಲೆಕ್ಕ. ಅಂಥ ಕೊಲ್ಲಿಯಲ್ಲಿ ಉಂಡೆಗಳು ತೇಲಿದರೂ ಮಕ್ಕಳು ಹುಟ್ಟುವುದು ಕಷ್ಟ.

ಪಾಚಿಯ ವಿಷಯ ಇನ್ನೊಂದು ತೊಡಕು. ಮಾಂಟಿಪೊರಾ, ಪೊರೈಟಿಸ್ ಕುಲದ ಹಲವು ಹವಳಗಳು ಮೊಟ್ಟೆಯೊಳಗೇ ಪಾಚಿಯನ್ನು ಇಟ್ಟು ಕಳಿಸುತ್ತವೆ. ಅಕ್ರೊಪೊರಾದ ಮಕ್ಕಳು ಬರಿಗೈಯಲ್ಲಿ ಹೊರಡುತ್ತವೆ, ಇಳಿದ ಊರಿನಲ್ಲಿ ಸಿಕ್ಕ ಪಾಚಿಯನ್ನು ಒಳಗೆ ಬಿಟ್ಟುಕೊಳ್ಳಬೇಕು. ಜಪಾನಿನ ಸಮಶೀತೋಷ್ಣ ತೀರದ ಹವಳಗಳಲ್ಲಿ ಹೆಚ್ಚಾಗಿ ಕಂಡದ್ದು ಈಗ ಕ್ಲಾಡೊಕೋಪಿಯಂ ಎಂದು ಕರೆಯುವ ಪಾಚಿಗುಂಪು. ಬಿಸಿ ತಡೆಯುವುದಕ್ಕೆ ಹೆಸರಾದ ಪಾಚಿ ಡುರುಸ್ಡಿನಿಯಂ ಬೇರೆಯೇ ಕುಲ. ಅಂದರೆ ಹೊಸ ಊರಿನಲ್ಲಿ ಸಿಕ್ಕ ಪಾಚಿ ಬಿಸಿ ತಡೆಯುವುದೇ ಆಗಿರಬೇಕೆಂದಿಲ್ಲ.

ಈಗ ಜೀನ್ ಬದಲಾಗುತ್ತದೆಯೇ ಎಂಬ ಪ್ರಶ್ನೆ. ನಾಲ್ಕಾರು ದಶಕಗಳಲ್ಲಿ ಹೊಸ ಜೀನ್ ರೂಪ ಹುಟ್ಟಿ ಹವಳವನ್ನು ಕಾಪಾಡುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ನಡೆಯುವುದು ಆಯ್ಕೆ: ಈಗಾಗಲೇ ಇರುವ ರೂಪಗಳಲ್ಲಿ ಕೆಲವು ಉಳಿಯುತ್ತವೆ, ಕೆಲವು ಅಳಿಯುತ್ತವೆ. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಪ್ರಯೋಗ ಇದನ್ನು ಸೊಗಸಾಗಿ ತೋರಿಸಿತು. ಅಲ್ಲಿ ಉತ್ತರವೇ ಬಿಸಿ ಕಡೆ ಎಂಬುದು ನೆನಪಿರಲಿ. ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರದ ಪ್ರಿನ್ಸೆಸ್ ಷಾರ್ಲೆಟ್ ಕೊಲ್ಲಿ ಮತ್ತು ಅದಕ್ಕಿಂತ ಐದು ಡಿಗ್ರಿ ಅಕ್ಷಾಂಶ ದಕ್ಷಿಣದ ಆರ್ಫಿಯಸ್ ದ್ವೀಪದ ಅಕ್ರೊಪೊರಾ ಮಿಲ್ಲೆಪೊರಾ ಹವಳಗಳನ್ನು ಅಡ್ಡತಳಿ ಮಾಡಿ, ಲಾರ್ವಾಗಳನ್ನು ಬಿಸಿನೀರಿನಲ್ಲಿ ಇಟ್ಟರು. ಬಿಸಿ ಕಡೆಯ ಹೆತ್ತವರ ಮಕ್ಕಳು ಉಳಿಯುವ ಸಾಧ್ಯತೆ ಹತ್ತುಪಟ್ಟಿನವರೆಗೆ ಹೆಚ್ಚಿತ್ತು, ತಾಯಿಯ ಪಾಲು ಅದರಲ್ಲಿ ದೊಡ್ಡದಿತ್ತು. ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದಲೇ ಅಲ್ಲವೇ.

ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇಲ್ಲಿದೆ. ಬಿಸಿ ತಾಳುವ ಜೀನ್‌ಗಳ ಉಗ್ರಾಣ ಇರುವುದು ಬಿಸಿ ಕಡಲಿನಲ್ಲಿ, ತಂಪಿನ ಅಂಚಿಗೆ ಅವು ಬರುವುದು ಅಲ್ಲಿಂದ. ಉಗ್ರಾಣವೇ ಬೆಂದುಹೋದರೆ ಅಂಚಿಗೆ ಹೊಸ ಸರಕು ಕಳಿಸುವವರಿಲ್ಲ. 1974ರಿಂದ 2012ರವರೆಗಿನ ಲೆಕ್ಕಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದರಲ್ಲಿ ಉಷ್ಣವಲಯದಲ್ಲಿ ಹೊಸದಾಗಿ ನೆಲೆಗೊಳ್ಳುವ ಮರಿಹವಳಗಳು ಶೇ 85ರಷ್ಟು ಇಳಿದಿದ್ದವು, ಉಪೋಷ್ಣವಲಯದಲ್ಲಿ ಶೇ 78ರಷ್ಟು ಏರಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ಸಮಾಧಾನಪಟ್ಟುಕೊಳ್ಳುವವರನ್ನು ಕಂಡಿದ್ದೇನೆ. ಇಳಿಕೆ ಆದದ್ದು ದೊಡ್ಡ ರಾಶಿಯಲ್ಲಿ, ಏರಿಕೆ ಆದದ್ದು ಸಣ್ಣ ರಾಶಿಯಲ್ಲಿ.

ಜೀನ್ ಎಷ್ಟೇ ಒಳ್ಳೆಯದಿದ್ದರೂ ತಂಪಿನ ಕಡೆಗೆ ಮಿತಿಗಳಿವೆ. 2018ರ ಚಳಿಗಾಲದಲ್ಲಿ ಜಪಾನಿನ ಶಿಕೊಕು ದ್ವೀಪದ ತೀರದಲ್ಲಿ ನೀರು ವಿಪರೀತ ತಣ್ಣಗಾಗಿ, ಹೊಸದಾಗಿ ನೆಲೆಸಿದ್ದ ಉಷ್ಣವಲಯದ ಹವಳಗಳು ಸತ್ತವು. ಧ್ರುವದತ್ತ ಹೋದಷ್ಟೂ ಚಳಿಗಾಲದ ಬೆಳಕು ಕಡಿಮೆ, ಪಾಚಿಗೆ ಬೆಳಕು ಬೇಕು. ಭೂಮಿ ಬಿಸಿಯಾದರೂ ಅದರ ಓರೆ ಬದಲಾಗುವುದಿಲ್ಲ.

ಇನ್ನು ಲಕ್ಷದ್ವೀಪ. 1998, 2010, 2016ರಲ್ಲಿ ಅಲ್ಲಿನ ಹವಳಗಳು ಬಿಸಿಗೆ ಪಾಚಿ ಕಳೆದುಕೊಂಡು ಬಿಳುಚಿ ದೊಡ್ಡ ಪ್ರಮಾಣದಲ್ಲಿ ಸತ್ತಿವೆ. ಪಾರಾಗಲು ಉತ್ತರಕ್ಕೆ ಹೋಗಬೇಕೆಂದರೆ ಅರಬ್ಬಿ ಸಮುದ್ರ ಅಲ್ಲೇ ಮುಗಿಯುತ್ತದೆ. 22-23 ಡಿಗ್ರಿ ಉತ್ತರ ಅಕ್ಷಾಂಶದ, ಗುಜರಾತಿನ ಕಛ್ ಖಾರಿಯಲ್ಲಿ ಹವಳಗಳಿವೆ, ಅಲ್ಲಿಂದಾಚೆ ನೆಲ. ಕುರೊಶಿಯೊದಂತೆ ವರ್ಷವಿಡೀ ಒಂದೇ ದಿಕ್ಕಿಗೆ ಒಯ್ಯುವ ಪ್ರವಾಹವೂ ಇಲ್ಲ. ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುತ್ತದೆ. ನಮ್ಮ ಕರಾವಳಿಯಲ್ಲಿ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಮಳೆಗಾಲದಲ್ಲಿ ತರುವ ಸಿಹಿನೀರು, ಹೂಳು ಹವಳಕ್ಕೆ ಆಗಿಬರುವುದಿಲ್ಲ. ಮುರುಡೇಶ್ವರದಾಚೆ ದಡದಿಂದ ದೂರವಿರುವ ನೇತ್ರಾಣಿಯ ಸುತ್ತ ಹವಳ ಉಳಿದಿರುವುದಕ್ಕೆ ಆ ದೂರವೂ ಒಂದು ಕಾರಣ. ಅಲ್ಲಿನ ಹವಳಕ್ಕೂ ಲಕ್ಷದ್ವೀಪದ್ದಕ್ಕೂ ಎಷ್ಟು ನೆಂಟಸ್ತನ ಎಂದು ಡಿಎನ್‌ಎ ಹೋಲಿಸಿ ನೋಡುವ ಕೆಲಸ ನನಗಂತೂ ಇಷ್ಟ. ನೀವು ಅಲ್ಲಿಗೆ ಡೈವಿಂಗ್‌ಗೆ ಹೋದರೆ ಕುತೂಹಲಕ್ಕೂ ತುಂಡು ಮುರಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹುಲಿಯ ಜೊತೆಗೆ ದಿಬ್ಬ ಕಟ್ಟುವ ಹವಳವೂ ಇದೆ, ಉಗುರಿನಷ್ಟು ಚೂರು ತೆಗೆಯಲು ನಮ್ಮಂಥವರೂ ಅನುಮತಿಗೆ ಅರ್ಜಿ ಹಾಕಿ ಕಾಯಬೇಕು.