2147483647: ಈ ಸಂಖ್ಯೆಯ ವಿಶೇಷ ಏನು?

ಪ್ರಶ್ನೆ: ನಾನು ಬಿಸಿಎ ವಿದ್ಯಾರ್ಥಿನಿ. ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ 2147483647ಕ್ಕೆ ಒಂದು ಕೂಡಿಸಿದರೆ ಮೈನಸ್ 2147483648 ಬರುತ್ತದೆ. ಗಣಿತದ ಮೇಷ್ಟ್ರಾದ ನಮ್ಮ ಮಾವನನ್ನು ಕೇಳಿದೆ. "ಅದಿರಲಿ, ಅದು ಅವಿಭಾಜ್ಯ ಸಂಖ್ಯೆ ಗೊತ್ತಾ? ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಕಂಡುಹಿಡಿದಿದ್ದರು" ಅಂದರು. ಕೈಯಲ್ಲಿ ಲೆಕ್ಕ ಹಾಕಿ ಅದು ಹೇಗೆ ಸಾಧ್ಯ ಸರ್?

ಉತ್ತರ: ಮೈನಸ್ ವಿಷಯ ಮೊದಲು ಮುಗಿಸಿಬಿಡೋಣ. ಜಾವಾದಲ್ಲಿ ಪೂರ್ಣಾಂಕ ಇಡುವ ಇಂಟ್‌ಗೆ ಇರುವುದು 32 ಬಿಟ್, ಅಂದರೆ 0 ಅಥವಾ 1 ಕೂರುವ 32 ಮನೆಗಳ ಜಾಗ. ಅದರಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಹೇಳಲು ಮೀಸಲು. ಉಳಿದ 31ರಲ್ಲೂ 1 ತುಂಬಿದಾಗ ನಿಮ್ಮ ಸಂಖ್ಯೆ ಬರುತ್ತದೆ. ಮತ್ತೊಂದು ಕೂಡಿಸಿದರೆ ಕೈಲಿ ಉಳಿದ 1 ಹೋಗಿ ಮೈನಸ್ಸಿನ ಜಾಗದಲ್ಲಿ ಕೂರುತ್ತದೆ. ಅಷ್ಟೇ.

ಮಾವ ಹೇಳಿದ್ದು ಇದಕ್ಕಿಂತ ಸ್ವಾರಸ್ಯದ್ದು. 31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಈ ಸಂಖ್ಯೆ. ಇದು ಅವಿಭಾಜ್ಯ ಎಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲೇ ಪಟ್ಟಿ ಮಾಡಿದ್ದರು. ಸಾಧಿಸಿ ತೋರಿಸಿದ್ದು ಮಾತ್ರ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್, 1772ರಲ್ಲಿ. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು!

ಶಾಲೆಯ ದಾರಿಯಲ್ಲಿ ಹೋದರೆ ವರ್ಗಮೂಲದವರೆಗಿನ, ಅಂದರೆ 46340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು ನಾಲ್ಕು ಸಾವಿರಕ್ಕೂ ಜಾಸ್ತಿ. ಆಯ್ಲರ್ ಎರಡು ಜರಡಿ ಹಿಡಿದರು. ಇದನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, 31ರ ಎರಡರಷ್ಟಾದ 62ರಿಂದ ಅದನ್ನು ಭಾಗಿಸಿದಾಗ ಶೇಷ 1 ಉಳಿಯಲೇಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು.

ನಂಬಿಕೆ ಬರಲಿಲ್ವಾ? 31ರ ಬದಲು 11 ತಗೊಳ್ಳಿ. 11 ಎರಡುಗಳ ಗುಣಲಬ್ಧ 2048, ಒಂದು ಕಳೆದರೆ 2047. ಇದು 23 × 89. 22ರಿಂದ ಭಾಗಿಸಿದರೆ 23ಕ್ಕೂ 89ಕ್ಕೂ ಶೇಷ 1. 8ರಿಂದ ಭಾಗಿಸಿದರೆ 7 ಮತ್ತು 1. ನಿಯಮ ಕೂದಲೆಳೆಯಷ್ಟೂ ತಪ್ಪಿಲ್ಲ. ಮೊದಲ ಜರಡಿಯ ಹಿಂದಿರುವುದು ಫರ್ಮಾನ ಕಿರು ಪ್ರಮೇಯ; ಮಾವನನ್ನೇ ಕೇಳಿ, ಖುಷಿಯಾಗಿ ಹೇಳಿಕೊಡುತ್ತಾರೆ.

ಎರಡೂ ಜರಡಿ ಸೇರಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳು ಮಾತ್ರ ಸಾಕು. 63, 249, 311, 497 ಹೀಗೆ. 63 ಮತ್ತು 249 ಎರಡೂ 3ರಿಂದ ಭಾಗವಾಗುತ್ತವೆ, ಬಿಡಿ. ಮೊದಲ ನಿಜವಾದ ಅಭ್ಯರ್ಥಿ 311. ಭಾಗಿಸಿ ನೋಡಿ, ಶೇಷ 35. 63ನ್ನು ಬಿಟ್ಟರೆ 46340ರೊಳಗೆ ಇಂಥವು 372 ಮಾತ್ರ. ಅದರಲ್ಲೂ ಅವಿಭಾಜ್ಯವಲ್ಲದವನ್ನು ತೆಗೆದರೆ ಕೆಲಸ ಇನ್ನೂ ಕಡಿಮೆ. ಒಂದರಿಂದಲೂ ಇದು ಭಾಗವಾಗುವುದಿಲ್ಲ.

ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆ 2305843008139952128. ಅದರ ಭಾಜಕಗಳನ್ನೆಲ್ಲ, ಅದನ್ನು ಬಿಟ್ಟು, ಕೂಡಿದರೆ ಅದೇ ಬರುತ್ತದೆ. ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯುವುದಿಲ್ಲ, ಇವು ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ ಎಂದು 1811ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ ಬರೆದರು. ಪಾಪ, ಇವರಿಗೆ ಜನರ ಹಟ ಗೊತ್ತಿರಲಿಲ್ಲ.

ನಿಮ್ಮ ಪ್ರೋಗ್ರಾಮಿಗೆ ಇಂಟ್ ಬದಲು, ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಹಾಕಿ. ಅದರ ಮಿತಿ 9223372036854775807, ಅಂದರೆ 63 ಎರಡುಗಳ ಗುಣಲಬ್ಧಕ್ಕೆ ಒಂದು ಕಡಿಮೆ. ಇದೂ ಅವಿಭಾಜ್ಯ ಇರಬಹುದು ಅಂದುಕೊಂಡಿರಾ? 63ನ್ನು 3 ಭಾಗಿಸುತ್ತದೆ. ಹಾಗಾಗಿ 3 ಎರಡುಗಳ ಗುಣಲಬ್ಧಕ್ಕೆ ಒಂದು ಕಡಿಮೆಯಾದ 7, ಇದನ್ನೂ ಭಾಗಿಸುತ್ತದೆ.