ಎಣ್ಣೆ, ತುಪ್ಪ ಪೂರ್ತಿ ಬಿಟ್ಟರೆ ವಿಟಮಿನ್ ಮೈಗೆ ಹತ್ತುತ್ತಾ?

ಡಯಟ್ ಅಂತ ಎಣ್ಣೆ, ತುಪ್ಪ ಎಲ್ಲಾ ಬಿಟ್ಟಿದ್ದೀರಿ, ಬೆಳಿಗ್ಗೆ ಬರೀ ಕ್ಯಾರೆಟ್ ಜ್ಯೂಸ್, ವಾರಕ್ಕೊಮ್ಮೆ ವಿಟಮಿನ್ ಡಿ ಪುಡಿ ಖಾಲಿ ಹೊಟ್ಟೆಗೆ, ಇಷ್ಟು ಸಾಕಾ ಅಂತ ಕೇಳಿದ್ದೀರಿ. ಜ್ಯೂಸ್ ಕುಡಿಯೋದು ತಪ್ಪಲ್ಲ, ಎಣ್ಣೆ ಪೂರ್ತಿ ಬಿಟ್ಟಿದ್ದು ತಪ್ಪು.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಕ್ಯಾರೆಟ್ ತುರಿ ಬಾಡಿಸಿ ನೋಡಿ. ಎಣ್ಣೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅದೇ ತುರಿ ನೀರಲ್ಲಿ ಬೇಯಿಸಿದರೆ ನೀರಿಗೆ ಅಷ್ಟು ಬಣ್ಣ ಇಳಿಯುವುದಿಲ್ಲ. ಆ ಬಣ್ಣವೇ ಬೀಟಾ ಕ್ಯಾರೋಟಿನ್, ಅದರಿಂದಲೇ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಕರುಳಲ್ಲೂ ಅದೇ ಕಥೆ: ಎ, ಡಿ, ಇ, ಕೆ ನಾಲ್ಕೂ ಕೊಬ್ಬಿನ ಜೊತೆ ಸೇರಿದರೇನೇ ಸರಿಯಾಗಿ ಒಳಗೆ ಹೋಗುವುದು. ನುಗ್ಗೆಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಕೊಟ್ಟು ಮೇಲೆ ಕಾಯಿತುರಿ ಉದುರಿಸುತ್ತೇವಲ್ಲ, ಅಷ್ಟು ಸಾಕು, ಪೂರಿ ಕರಿಯಬೇಕಾಗಿಲ್ಲ.

ಎ ಕಡಿಮೆಯಾದರೆ ಇರುಳುಗುರುಡು ಬರುತ್ತದೆ. ಅದಕ್ಕೇ ಮಗುವಿಗೆ 9 ತಿಂಗಳಾದಾಗ ಶುರು ಮಾಡಿ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ ಬಾಯಿಗೆ ಹಾಕುತ್ತಾರೆ. ಆರು ತಿಂಗಳಿಗೊಮ್ಮೆ ಹಾಕಿದರೂ ನಡೆಯುತ್ತೆ, ಯಾಕೆಂದರೆ ಲಿವರ್ ಅದನ್ನು ಕೂಡಿಟ್ಟುಕೊಳ್ಳುತ್ತದೆ.

ಈ ಕೂಡಿಡೋ ಗುಣವೇ ಡಿ ವಿಷಯದಲ್ಲಿ ತಲೆನೋವು. ಆ ಪುಡಿಯಲ್ಲಿ ಸಾಮಾನ್ಯವಾಗಿ 60,000 ಯೂನಿಟ್ ಇರುತ್ತದೆ. ಡಾಕ್ಟರ್ ಎಂಟು ವಾರ ಬರೆದಿದ್ದರೆ ಎಂಟೇ ವಾರ, ಅದೂ ಹಾಲಿನ ಜೊತೆ ಅಥವಾ ಊಟವಾದ ಮೇಲೆ. ವಿಟಮಿನ್ ಸಿ ಥರ ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗಿಬಿಡಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕೊನೆಗೆ ಕಿಡ್ನಿಗೇ ತೊಂದರೆ. ಬಿಸಿಲು ಕಾಯೋದಾದರೆ ಹೊರಗೆ ಬನ್ನಿ, ಕಿಟಕಿ ಗಾಜಿನ ಹಿಂದೆ ಕೂತರೆ ಸುಮ್ನೆ ಬೆವರುತ್ತೀರಿ ಅಷ್ಟೇ, ಡಿ ತಯಾರಾಗಲು ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ.

ಇ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಶೇಂಗಾ, ಬಾದಾಮಿ, ಸೂರ್ಯಕಾಂತಿ ಎಣ್ಣೆಯಲ್ಲಿ ಸಿಗುತ್ತದೆ.

ಕೆ ಬಗ್ಗೆ ಮಾತ್ರ ನಮ್ಮ ಮನೆಯಲ್ಲೇ ಪಾಠ ಆಯಿತು. ಅದು ರಕ್ತ ಹೆಪ್ಪುಗಟ್ಟಲು ಬೇಕು, ಸೊಪ್ಪಿನಲ್ಲಿ ಧಾರಾಳ. ಅಪ್ಪ ಹಾರ್ಟ್ ವಾಲ್ವ್ ಆಪರೇಷನ್ ಆದಮೇಲೆ ವಾರ್ಫರಿನ್ ಮಾತ್ರೆ ನುಂಗುತ್ತಾರೆ, ಅದರ ಕೆಲಸ ಸರಿಯಾಗಿ ಇದಕ್ಕೆ ಉಲ್ಟಾ. ಒಂದು ತಿಂಗಳು ಅಮ್ಮ ಆರೋಗ್ಯಕ್ಕೆ ಒಳ್ಳೇದು ಅಂತ ದಿನಾ ಪಾಲಕ್, ಮೆಂತ್ಯಸೊಪ್ಪು ಬಡಿಸಿದರು, ಚೆಕಪ್‌ಗೆ ಹೋದಾಗ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ಅಳತೆ) ತೀರಾ ಕೆಳಗೆ, ಅಂದರೆ ಮಾತ್ರೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ. ಡಾಕ್ಟರ್ ಮೊದಲು ಕೇಳಿದ್ದೇ 'ಮನೇಲಿ ಏನು ಅಡುಗೆ?' ಅಂತ. ಸೊಪ್ಪು ಬಿಡಿ ಅನ್ನಲಿಲ್ಲ ಅವರು, ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆ ತಿನ್ನಿ ಅಂದರು. ಈಗ ಸೋಮವಾರ, ಗುರುವಾರ, ಒಂದೊಂದೇ ಸಣ್ಣ ಬಟ್ಟಲು.