ಹಳೇ ಔಟ್‌ಬೋರ್ಡ್ ಮೋಟಾರ್: ಇಂಜಿನ್ ಭರ್ರೆಂದರೂ ದೋಣಿ ಓಡುವುದಿಲ್ಲ, ಏಕೆ?

ನಿಧಾನಕ್ಕೆ ಸರಿಯಾಗಿ ಓಡಿ, ಥ್ರಾಟಲ್ ಏರಿಸಿದಾಗ ಮಾತ್ರ ಹೀಗಾದರೆ, ಬಹುತೇಕ ಪ್ರೊಪೆಲ್ಲರ್ ಒಳಗಿನ ರಬ್ಬರ್ ಹಬ್ (ಶಾಫ್ಟಿನ ತಿರುಗುವಿಕೆಯನ್ನು ಪ್ರೊಪೆಲ್ಲರಿಗೆ ದಾಟಿಸುವ ರಬ್ಬರ್ ಭಾಗ) ಜಾರುತ್ತಿದೆ. ಅದನ್ನು ಬದಲಿಸಬೇಕು.

ಈ ರಬ್ಬರಿನ ಹೊರಮೈ ಪ್ರೊಪೆಲ್ಲರಿಗೆ ಅಂಟಿರುವುದಿಲ್ಲ. ಒತ್ತಿ ತುರುಕಿದ ಬಿಗಿತವೇ ಅದರ ಹಿಡಿತ. ಬ್ಲೇಡು ಬಂಡೆಗೆ ಬಡಿದರೆ ಹಬ್ ಜಾರಿ ಗೇರು ಉಳಿಯಲಿ ಎಂದೇ ಹೀಗೆ ಮಾಡಿರುತ್ತಾರೆ. ವಯಸ್ಸಾದ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ, ಜಾರಿದಾಗ ಬಿಸಿಯಾಗಿ ಇನ್ನಷ್ಟು ಕೆಡುತ್ತದೆ.

ಖಾತ್ರಿಗೆ, ಹಬ್ಬಿನ ನಡುವೆ ಶಾಫ್ಟ್ ಕೂರುವ ಒಳಕೊಳವೆಯಿಂದ ಪ್ರೊಪೆಲ್ಲರಿನವರೆಗೆ ನೇರ ಗೀಟು ಹಾಕಿ ಓಡಿಸಿ. ಗೀಟು ಮುರಿದಿದ್ದರೆ ಅನುಮಾನವೇ ಬೇಡ. (ಪ್ರೊಪೆಲ್ಲರ್ ತಿರುಗುವುದೇ ಇಲ್ಲವೆಂದರೆ ಮೊದಲು ಶಿಯರ್ ಪಿನ್, ಅಂದರೆ ಹೊಡೆತ ಬಿದ್ದಾಗ ತಾನೇ ಮುರಿಯುವ ಸಣ್ಣ ಪಿನ್, ನೋಡಿ. 1950ರ ದಶಕದ ಜಾನ್ಸನ್, ಎವಿನ್‌ರೂಡ್ ಸಣ್ಣ ಮೋಟಾರುಗಳಲ್ಲಿ ಈ ಪಿನ್ ಇರುತ್ತದೆ.)

ಸ್ಪಾರ್ಕ್ ಪ್ಲಗ್ ವೈರ್ ತೆಗೆದಿಟ್ಟು ಪ್ರೊಪೆಲ್ಲರ್ ಕಳಚಿ, ಹಳೇ ಹಬ್ಬನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿ ತೆಗೆಯಿರಿ. ಬೆಂಕಿ ಹಿಡಿದು ಸುಡಬೇಡಿ, ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ಹೊಸದರ ಹೊರ ವ್ಯಾಸ, ಉದ್ದ, ಶಾಫ್ಟಿನ ಅಳತೆ ಮೂರೂ ಹೊಂದಬೇಕು. ಬಾಯಿ ಅಗಲವಿರುವ ಇಳಿಜಾರು ಕೊಳವೆಯ ಮೂಲಕ, ಸೋಪಿನ ನೀರು ಸವರಿ ನೇರವಾಗಿ ಒತ್ತಿ. ಇಲ್ಲಿ ಗ್ರೀಸ್ ಹಚ್ಚಿದರೆ ಅದು ಒಣಗುವುದಿಲ್ಲ, ಹೊಸ ಹಬ್ ಕೂಡ ಜಾರುತ್ತದೆ. ಒಂದು ದಿನ ಒಣಗಲು ಬಿಡಿ. ನೀರು ನಿರೋಧಕ ಗ್ರೀಸ್ ಬೇಕಾದದ್ದು ಶಾಫ್ಟಿಗೆ ಮಾತ್ರ. ಕೊನೆಗೆ ಪ್ರೊಪೆಲ್ಲರ್ ಕಳಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ನನ್ನು ಹೊಸದೇ ಹಾಕಿ.